ಸಿಂಬಳದಲ್ಲಿ ಸಿಕ್ಕ ಕಾವಲುಗಾರ

ಪೆನಿಸಿಲಿನ್ ಕಂಡುಹಿಡಿದವರೆಂದು ನಾವೆಲ್ಲರೂ ಓದಿರುವ ಅಲೆಕ್ಸಾಂಡರ್ ಫ್ಲೆಮಿಂಗರು 1881ರಲ್ಲಿ ಸ್ಕಾಟ್ಲೆಂಡಿನ ರೈತ ಕುಟುಂಬದಲ್ಲಿ ಜನಿಸಿದರು. ಒಂದನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಸೇನಾವೈದ್ಯರಾಗಿದ್ದಾಗ, ಸೈನಿಕರ ಗಾಯಗಳಿಗೆ ಸುರಿಯುತ್ತಿದ್ದ ಕ್ರಿಮಿನಾಶಕಗಳು ರೋಗಾಣುಗಳಿಗಿಂತ ಹೆಚ್ಚಾಗಿ ಬಿಳಿ ರಕ್ತಕಣಗಳನ್ನೇ ಕೊಲ್ಲುವುದನ್ನು ಕಂಡು ಮರುಗಿದರು. ದೇಹಕ್ಕೆ ನೋವಾಗದಂತೆ ರೋಗಾಣುವನ್ನು ಕೊಲ್ಲುವ ವಸ್ತು ಯಾವುದು?

1921ರಲ್ಲಿ, ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿದ್ದಾಗ ಅವರಿಗೆ ನೆಗಡಿಯಾಯಿತು. ನಾವು ಅಸಹ್ಯಪಟ್ಟು ಒರೆಸಿ ಬಿಡುವ ಸಿಂಬಳವನ್ನೇ ಅವರು ಪರೀಕ್ಷೆಗಿಟ್ಟರು. ಅದರ ಸುತ್ತಲಿನ ಸೂಕ್ಷ್ಮಾಣುಗಳು ಕರಗಿಹೋದವು! ಕಣ್ಣೀರಿನಲ್ಲೂ ಅದೇ ಗುಣ. ಜತೆಗಾರರ ಕಣ್ಣಿಗೆ ನಿಂಬೆರಸ ಹಿಂಡಿ ಕಣ್ಣೀರು ಸಂಗ್ರಹಿಸಿದರಂತೆ. ಆ ವಸ್ತುವೇ ಲೈಸೋಜೈಮ್. ಶ್ವಾಸನಾಳದ ಒಳಪೊರೆಯ ಜೀವಕೋಶಗಳೂ ಗ್ರಂಥಿಗಳೂ ಅದನ್ನು ಸ್ರವಿಸಿ, ಉಸಿರಿನೊಡನೆ ನುಗ್ಗುವ ರೋಗಾಣುಗಳನ್ನು ತಡೆಯುತ್ತವೆಂದು ಈಗ ನಾವು ಬಲ್ಲೆವು.

ಆದರೆ ಪ್ರಬಲ ರೋಗಾಣುಗಳಿಗೆ ಅದು ಸಾಲದು. ಅವನ್ನು ಮಣಿಸಬಲ್ಲ ಪೆನಿಸಿಲಿನ್ 1928ರಲ್ಲಿ ಬೂಷ್ಟಿನಿಂದ ದೊರೆಯಿತು. 1945ರಲ್ಲಿ ಫ್ಲೋರಿ, ಚೈನ್ ಅವರೊಡನೆ ನೊಬೆಲ್ ಬಹುಮಾನ ಪಡೆದ ಫ್ಲೆಮಿಂಗರು 1955ರಲ್ಲಿ ನಿಧನರಾದರು.