ಸಾಯೋ ಮುಂಚೆ ಪಕ್ಕದವರಿಗೆ ಸುದ್ದಿ: ಅಲಿಕ್ ಐಸಾಕ್ಸ್ ಮತ್ತು ಇಂಟರ್‌ಫೆರಾನ್

ಫ್ಲೂ ಬಂದಾಗ ಆಗೋ ಚಳಿ, ಮೈಕೈ ನೋವು, ಸುಸ್ತು ಎಲ್ಲಾ ವೈರಸ್ಸಿನ ಕೆಲಸ ಅಂತ ಅಂದ್ಕೊಂಡಿರ್ತೀವಿ. ಅದರಲ್ಲಿ ದೊಡ್ಡ ಪಾಲು ನಮ್ಮದೇ ಜೀವಕೋಶಗಳದ್ದು. ವೈರಸ್ ಒಳಗೆ ಹೊಕ್ಕ ಕೋಶ ಕೆಲವು ಪ್ರೋಟೀನ್‌ಗಳನ್ನು ಹೊರಗೆ ಬಿಡುತ್ತದೆ. ಅದರಲ್ಲಿ ಮುಖ್ಯವಾದದ್ದು ಇಂಟರ್‌ಫೆರಾನ್. ಇದನ್ನೇ ಔಷಧಿಯಾಗಿ ಚುಚ್ಚಿಸಿಕೊಂಡವರಿಗೆ, ಮೈಯಲ್ಲಿ ಫ್ಲೂ ವೈರಸ್ ಇಲ್ಲದಿದ್ದರೂ ಫ್ಲೂ ಬಂದ ಹಾಗೇ ಆಗುತ್ತದೆ! ಇದನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬರು ಅಲಿಕ್ ಐಸಾಕ್ಸ್.

ಐಸಾಕ್ಸ್ ಹುಟ್ಟಿದ್ದು 1921ರ ಜುಲೈ 17ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅವರದು ಲಿಥುವೇನಿಯಾದಿಂದ ವಲಸೆ ಬಂದ ಯಹೂದಿ ಮನೆತನ. 1944ರಲ್ಲಿ ಡಾಕ್ಟರ್ ಆದರು, ಆದರೆ ಅವರ ಮನಸ್ಸು ವಾರ್ಡಿಗಿಂತ ಲ್ಯಾಬಿನ ಕಡೆ ಇತ್ತು. ಶೆಫೀಲ್ಡ್‌ನಲ್ಲಿ ಇನ್‌ಫ್ಲೂಯೆನ್ಜಾ ಕೆಲಸ ಶುರುಮಾಡಿ, ಆಮೇಲೆ ಮೆಲ್ಬರ್ನ್‌ನಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ ಹತ್ತಿರ ಕಲಿತರು. ಒಂದು ವೈರಸ್ ಹೊಕ್ಕ ಕೋಶಕ್ಕೆ ಇನ್ನೊಂದು ವೈರಸ್ ಸುಲಭವಾಗಿ ಯಾಕೆ ಹತ್ತಲ್ಲ ಅನ್ನೋ ಪ್ರಶ್ನೆ ಅಲ್ಲಿಂದಲೇ ಅವರ ಬೆನ್ನುಬಿತ್ತು. ಈ ತಡೆ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ.

ವಾಪಸ್ ಬಂದು ಲಂಡನ್ನಿನ ಮಿಲ್ ಹಿಲ್ ಸಂಸ್ಥೆ ಸೇರಿದರು. ಅಲ್ಲೇ ಇದ್ದ ವಿಶ್ವ ಇನ್‌ಫ್ಲೂಯೆನ್ಜಾ ಕೇಂದ್ರದ ಜವಾಬ್ದಾರಿಯೂ ಅವರದ್ದಾಯಿತು. 1956ರಲ್ಲಿ ಜ್ಯೂರಿಕ್‌ನಿಂದ ಜಾನ್ ಲಿಂಡೆನ್ಮನ್ ಅನ್ನೋ ಯುವಕ ಬಂದ. ಟೀ ಕುಡಿಯುತ್ತಾ ಮಾತಾಡಿದಾಗ ಇಬ್ಬರಿಗೂ ಇದೇ ಪ್ರಶ್ನೆ ಇದೆ ಅಂತ ಗೊತ್ತಾಯಿತು.

ಪ್ರಯೋಗ ನೋಡೋಕೆ ಸರಳ. ಫ್ಲೂ ವೈರಸ್ಸನ್ನು 56 ಡಿಗ್ರಿಗೆ ಕಾಯಿಸಿ ನಿಷ್ಕ್ರಿಯ ಮಾಡಿದರು. ಮರಿ ಬೆಳೆಯುತ್ತಿದ್ದ ಕೋಳಿಮೊಟ್ಟೆಯ ಒಳಪೊರೆಯ ಚೂರುಗಳನ್ನು ಆ ವೈರಸ್ ಜೊತೆ ಟ್ಯೂಬಿನಲ್ಲಿಟ್ಟರು. ಆಮೇಲೆ ಜೀವಂತ ವೈರಸ್ ಹಾಕಿದರೆ ಬೆಳೆಯಲಿಲ್ಲ. ಇಷ್ಟು ಹಳೇ ಸುದ್ದಿಯೇ. ಅವರು ಮುಂದೆ ಹೋಗಿ, ಪೊರೆ ನೆನೆದಿದ್ದ ದ್ರವವನ್ನು ತೆಗೆದು ಹೊಸ ಪೊರೆಗೆ ಹಾಕಿ ನೋಡಿದರು. ಅಲ್ಲೂ ವೈರಸ್ ಬೆಳೆಯಲಿಲ್ಲ! ಅಂದರೆ ಕೋಶವೇ ಏನನ್ನೋ ಹೊರಗೆ ಬಿಟ್ಟಿದೆ, ಅದು ಇನ್ನೊಂದು ಕೋಶಕ್ಕೆ ಎಚ್ಚರಿಕೆ ಕೊಡುತ್ತಿದೆ. ಎಲೆಕ್ಟ್ರಾನ್, ನ್ಯೂಟ್ರಾನ್ ತರಹ ಅದಕ್ಕೆ ಇಂಟರ್‌ಫೆರಾನ್ ಅಂತ ಹೆಸರಿಟ್ಟು 1957ರಲ್ಲಿ ಪ್ರಕಟಿಸಿದರು.

ಈ ವಸ್ತು ವೈರಸ್ಸನ್ನು ನೇರವಾಗಿ ಕೊಲ್ಲಲ್ಲ. ಪಕ್ಕದ ಕೋಶದ ಮೇಲ್ಮೈಗೆ ಅಂಟಿಕೊಂಡು, ಅದು ವೈರಸ್ ವಿರೋಧಿ ಪ್ರೋಟೀನ್‌ಗಳನ್ನು ತಯಾರಿಸೋ ಹಾಗೆ ಮಾಡುತ್ತದೆ, ಅಷ್ಟೇ. ಫ್ಲೂ ವೈರಸ್ಸೂ ಕಡಿಮೆ ಏನಲ್ಲ, ಈ ಸುದ್ದಿ ಹೊರಗೆ ಹೋಗದ ಹಾಗೆ ಬಾಯಿ ಮುಚ್ಚಿಸೋಕೆ ಎನ್‌ಎಸ್1 ಅನ್ನೋ ಪ್ರೋಟೀನ್ ಇಟ್ಟುಕೊಂಡಿದೆ. ಇವುಗಳ ಪೂರ್ತಿ ವಿವರ ತಿಳಿದದ್ದು ಐಸಾಕ್ಸ್ ಹೋದ ಎಷ್ಟೋ ವರ್ಷಗಳ ಮೇಲೆ.

ಅದೇ 1957ರಲ್ಲಿ ಏಷ್ಯನ್ ಫ್ಲೂ ಹರಡಿತು. ಮೇ ತಿಂಗಳಲ್ಲಿ ಹಡಗಿನಲ್ಲಿ ಮದ್ರಾಸಿಗೆ ಬಂತು. ಭಾರತದಲ್ಲಿ 44 ಲಕ್ಷಕ್ಕೂ ಹೆಚ್ಚು ಕೇಸು ದಾಖಲಾದವು. ನಮ್ಮ ಗಡಿಯಾಚೆ ನೀಲಗಿರಿಯಲ್ಲಿ, ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನಲ್ಲಿ ದೇಶದ ಇನ್‌ಫ್ಲೂಯೆನ್ಜಾ ಕೇಂದ್ರ ಇತ್ತು. ಮಹಾಮಾರಿಯ ಮೇಲೆ ಕಣ್ಣಿಡುವ ಇಂಥ ಕೇಂದ್ರಗಳ ಜಾಲಕ್ಕೆ ಮಿಲ್ ಹಿಲ್ಲೇ ನಡುಮನೆ. ಒಂದು ಕಡೆ ಆ ಕೆಲಸ, ಇನ್ನೊಂದು ಕಡೆ ಇಂಟರ್‌ಫೆರಾನ್, ಎರಡೂ ಐಸಾಕ್ಸ್ ತಲೆ ಮೇಲೆ.

ಪತ್ರಿಕೆಗಳು ಪವಾಡದ ಮದ್ದು ಅಂತ ಬರೆದವು. 1960ರಲ್ಲಿ ಫ್ಲ್ಯಾಶ್ ಗಾರ್ಡನ್ ಕಾಮಿಕ್ಸ್‌ನಲ್ಲೂ ಇಂಟರ್‌ಫೆರಾನ್ ಬಂತು. ವಿಜ್ಞಾನಿಗಳಲ್ಲಿ ಕೆಲವರು ಮಾತ್ರ ನಂಬಲಿಲ್ಲ, ತಪ್ಪು ತಿಳುವಳಿಕೆಯ ವಸ್ತು ಅಂತ ಅರ್ಥ ಬರೋ ಅಡ್ಡಹೆಸರು ಇಟ್ಟು ಆಡಿಕೊಂಡರು. ಅವರ ಅನುಮಾನಕ್ಕೆ ಕಾರಣ ಇರಲಿಲ್ಲ ಅಂತ ಹೇಳೋಕಾಗಲ್ಲ. ಸಿಗ್ತಿದ್ದದ್ದು ಅತಿ ಸ್ವಲ್ಪ, ಅದೂ ಶುದ್ಧವಲ್ಲ. ಕೋಳಿಯ ಇಂಟರ್‌ಫೆರಾನ್ ಮನುಷ್ಯರ ಕೋಶದಲ್ಲಿ ಸರಿಯಾಗಿ ಕೆಲಸ ಮಾಡ್ತಿರಲಿಲ್ಲ. ಲಿಂಡೆನ್ಮನ್ ಅಷ್ಟರಲ್ಲಿ ಸ್ವಿಟ್ಜರ್ಲೆಂಡಿಗೆ ವಾಪಸ್ ಹೋಗಿದ್ದರು. ಟೀಕೆಗೆ ಎದುರು ನಿಂತವರು ಐಸಾಕ್ಸ್.

ಆ ವರ್ಷಗಳಲ್ಲೇ ಅವರಿಗೆ ತೀವ್ರ ಖಿನ್ನತೆ ಶುರುವಾಯಿತು. ಅವರ ಹೆಂಡತಿ ಸುಸಾನ್ನಾ ಸ್ವತಃ ಮನೋವೈದ್ಯೆ. ಸಾಧನೆಯ ಕಥೆ ಹೇಳುವಾಗ ಈ ಭಾಗವನ್ನು ಒಂದು ಸಾಲಲ್ಲಿ ಮುಗಿಸೋದು ನನಗೆ ಸರಿ ಕಾಣಲ್ಲ, ಯಾಕಂದ್ರೆ ಇದರ ಮಧ್ಯೆಯೇ ಅವರು 1961ರಲ್ಲಿ ವೈರಸ್ ವಿಭಾಗದ ಮುಖ್ಯಸ್ಥರಾದರು, ಚೇತರಿಸಿಕೊಂಡಾಗಲೆಲ್ಲ ಲ್ಯಾಬಿಗೆ ಬಂದರು. 1964ರಲ್ಲಿ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಅದಾದ ಮೇಲೂ ಕೆಲಸ ಬಿಡಲಿಲ್ಲ. 1966ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1967ರ ಜನವರಿ 26ರಂದು ತೀರಿಕೊಂಡರು, ವಯಸ್ಸು ಬರೀ 45. ಶುದ್ಧ ಇಂಟರ್‌ಫೆರಾನನ್ನು ಅವರು ಕಣ್ಣಾರೆ ನೋಡಲೇ ಇಲ್ಲ.

1970ರ ದಶಕದಲ್ಲಿ ಫಿನ್ಲೆಂಡಿನ ಕಾರಿ ಕಾಂಟೆಲ್ ದಾನದ ರಕ್ತದ ಬಿಳಿಕಣಗಳಿಂದ ಮನುಷ್ಯರ ಇಂಟರ್‌ಫೆರಾನ್ ತೆಗೆದರು. 1980ರ ಹೊತ್ತಿಗೆ ಅದರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ತಯಾರಿಸೋದು ಸಾಧ್ಯವಾಯಿತು. ನಮ್ಮ ಜಿಗಣಿ ಲಿಂಕ್ ರೋಡಿನ ಬಯೋಕಾನ್ ಯೀಸ್ಟ್‌ನಿಂದ ಇನ್ಸುಲಿನ್ ಮಾಡುತ್ತದಲ್ಲ, ಮೂಲ ಉಪಾಯ ಅದೇ. 1986ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಔಷಧಿಗೆ ಒಪ್ಪಿಗೆ ಸಿಕ್ಕಿತು. ಫ್ಲೂಗೆ ಅಲ್ಲ, ಒಂದು ಅಪರೂಪದ ರಕ್ತದ ಕ್ಯಾನ್ಸರ್‌ಗೆ. ಆಮೇಲೆ ಹೆಪಟೈಟಿಸ್ ರೋಗಿಗಳು ಎಷ್ಟೋ ವರ್ಷ ಇದನ್ನೇ ಚುಚ್ಚಿಸಿಕೊಂಡರು.