ದಾದಿಯಾದ ಗುರುಮಾತೆ

1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕು ಮೈಸೂರು ನಗರದ ಇಕ್ಕಟ್ಟಾದ ಕೇರಿಗಳನ್ನೂ ನಡುಗಿಸಿದ ಪ್ಲೇಗು, ಅದಕ್ಕೆ ಮುನ್ನವೇ ಪುಣೆಯನ್ನು ತಲ್ಲಣಗೊಳಿಸಿತ್ತು. ಒಡಹುಟ್ಟಿದವರೂ ರೋಗಿಯ ಬಳಿ ಸುಳಿಯಲು ಅಂಜುತ್ತಿದ್ದ ಕಾಲವದು. 1848ರಿಂದ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿ ಹೆಸರಾಗಿದ್ದ ಸಾವಿತ್ರಿಬಾಯಿ ಫುಲೆಯವರಿಗೆ ಆಗ 66 ವರ್ಷ. ಸಾಕುಮಗ, ವೈದ್ಯ ಯಶವಂತರು ಊರ ಹೊರಗೆ ತೆರೆದ ಚಿಕಿತ್ಸಾಲಯದಲ್ಲಿ ಅವರು ದಾದಿಯಂತೆ ದುಡಿದರು. ಮುಟ್ಟದೆ ಶುಶ್ರೂಷೆಯಿಲ್ಲ, ಮುಟ್ಟಿದರೆ ಪ್ರಾಣಭಯ.

ಮುಂಢವಾ ಗ್ರಾಮದಲ್ಲಿ, ಅಸ್ಪೃಶ್ಯರೆನಿಸಿದ್ದವರ ಕೇರಿಯ ಬಾಲಕನೊಬ್ಬನಿಗೆ ರೋಗ ತಗುಲಿತೆಂದು ತಿಳಿದೊಡನೆ ಅವರು ಅಲ್ಲಿಗೆ ಧಾವಿಸಿದರು. ಅವನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ಮುಪ್ಪಿನ ದೇಹಕ್ಕೆ ಅದೇನು ಹಗುರವಾದ ಹೊರೆಯೇ! ಬಾಲಕ ಬದುಕಿಕೊಂಡನು. ಶುಶ್ರೂಷೆ ಮಾಡಿದವರಿಗೆ ಇದಕ್ಕಿಂತ ಹಿರಿದಾದ ಸಂಭಾವನೆ ಉಂಟೆ? ಆದರೆ ಸೋಂಕು ಅವರಿಗೂ ತಗುಲಿತ್ತು. 1897ರ ಮಾರ್ಚ್ 10ರಂದು ಸಾವಿತ್ರಿಬಾಯಿಯವರು ತೀರಿಕೊಂಡರು.