ಮಿಡತೆಗೆ ಹೆಸರಾದ ಕೋಲ್ಮನ್ ಸಾಹೇಬರು

ಕಳೆದ ಹಿಂಗಾರಿನಲ್ಲಿ ದುಬಲಗುಂಡಿಯ ನಮ್ಮ ಎರಡು ಎಕರೆ ಕಡಲೆಗೆ ಕಾಯಿಕೊರಕ ಬಿತ್ತು. ಅಬ್ಬಾ ಅಂಗಡಿಯಿಂದ ಉದ್ರಿ ತಂದ ಔಷಧವನ್ನು ಎರಡು ಸಲ ಹೊಡೆದರು. ಸಣ್ಣ ಹುಳಗಳು ಸತ್ತವು. ದೊಡ್ಡವು ಮಾತ್ರ ಕಾಯಿಯೊಳಗೆ ತಲೆ ತೂರಿಸಿ, ಅರ್ಧ ಮೈ ಹೊರಗೆ ಬಿಟ್ಟು, ನಿಶ್ಚಿಂತೆಯಿಂದ ತಿನ್ನುತ್ತಲೇ ಇದ್ದವು. ಔಷಧದ ಸಾಲ ತೀರಿಸಿದ ಮೇಲೆ ನನ್ನ ಫೀಸಿಗೆ ಅಮ್ಮಿ ಬಳೆ ಒತ್ತೆ ಇಟ್ಟರು. ಹೀಗಾಗಿ, ಈ ಪತ್ರಿಕೆಗೆ ಒಬ್ಬ ವಿಜ್ಞಾನಿಯ ಪರಿಚಯ ಬರೆಯಲು ಜೀವಶಾಸ್ತ್ರದ ಸರ್ ಹೇಳಿದಾಗ ನಾನು ಹುಳದ ಬೆನ್ನು ಹತ್ತಿದವರನ್ನೇ ಹುಡುಕಿದೆ. ಸಿಕ್ಕವರು ಲೆಸ್ಲಿ ಕೋಲ್ಮನ್.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೋದಲ್ಲಿ. ಟೊರಾಂಟೊದಲ್ಲಿ ಓದಿ, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಅವರನ್ನು ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಕರೆಸಿಕೊಂಡಿತು. ಆಗ ಅವರಿಗೆ ಸುಮಾರು ಮೂವತ್ತು ವರ್ಷ. ನಮ್ಮ ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅವರ ನೌಕರಿ ನಡೆದದ್ದು ಮೈಸೂರು ಸೀಮೆಯಲ್ಲಿ.

ಬಂದವರ ಮುಂದೆ ಮೊದಲು ನಿಂತದ್ದು ಮಲೆನಾಡಿನ ಅಡಿಕೆಯ ಕೊಳೆರೋಗ. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುತ್ತಿತ್ತು. ರೈತರು ಮರ ಹತ್ತಿ ಗೊನೆಗೆ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು. ನಮ್ಮ ಕಡೆ ಅಡಿಕೆ ಇಲ್ಲ, ಅದಕ್ಕೇ ವಿವರಿಸುತ್ತೇನೆ: ಕೊಟ್ಟೆ ಎಂದರೆ ಗೊನೆಗೆ ತೊಡಿಸುವ ಮಳೆಯಂಗಿ. ರೋಗಕ್ಕೆ ಕಾರಣ ಶಿಲೀಂಧ್ರದಂಥ ಒಂದು ಸೂಕ್ಷ್ಮಜೀವಿ ಎಂಬುದನ್ನು ಕೋಲ್ಮನ್ ವಿವರವಾಗಿ ಅಭ್ಯಾಸ ಮಾಡಿ, 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸುವ ಪದ್ಧತಿ ಬಳಕೆಗೆ ಬಂತು. ಇಂದಿಗೂ ಮಲೆನಾಡಿನಲ್ಲಿ ಅದನ್ನೇ ಹೊಡೆಯುತ್ತಾರೆ.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಮಿಡತೆಯ ಕಥೆ. ದಖ್ಖನ್ನಿನ ಜೋಳದ ಹೊಲಗಳಲ್ಲಿ ರೆಕ್ಕೆ ಇಲ್ಲದ ಒಂದು ಮಿಡತೆ ಇದೆ. ಕೋಲ್ಮನ್ ಅದರ ಹುಟ್ಟು, ಬೆಳವಣಿಗೆ, ಮೊಟ್ಟೆ ಎಲ್ಲವನ್ನೂ ಬೆನ್ನು ಹತ್ತಿ ನೋಡಿದರು. ಅದು ವರ್ಷಕ್ಕೆ ಒಂದೇ ಪೀಳಿಗೆ ಬೆಳೆಯುತ್ತದೆ, ಮೊಟ್ಟೆಯನ್ನು ಮಣ್ಣಿನೊಳಗೆ ಇಡುತ್ತದೆ. ಬೇಸಿಗೆಯೆಲ್ಲ ಅಲ್ಲೇ ಇದ್ದ ಮೊಟ್ಟೆಗಳು ಮುಂಗಾರು ಬಿದ್ದಾಗ ಒಡೆಯುತ್ತವೆ. ಹಾರಲಾರದ ಕೀಟ, ತಿಂಗಳುಗಟ್ಟಲೆ ಮಣ್ಣಲ್ಲಿ ಮಲಗಿದ ಮೊಟ್ಟೆ: ಇಷ್ಟು ತಿಳಿದರೆ ಅದನ್ನು ಎಲ್ಲಿ, ಯಾವಾಗ ಹಿಡಿಯಬೇಕೆಂಬುದು ಅರ್ಧ ತಿಳಿದಂತೆ. 1910ರಲ್ಲಿ ಸ್ಪೇನಿನ ಬೊಲಿವಾರ್ ಎಂಬ ವಿಜ್ಞಾನಿ ಈ ಮಿಡತೆಗೆ ಕೋಲ್ಮೇನಿಯಾ ಎಂದು ನಾಮಕರಣ ಮಾಡಿದರು. ಜೋಳ ತಿನ್ನುವ ಮಿಡತೆಗೆ ತಮ್ಮ ಹೆಸರು ಬಂದರೆ ಯಾರಿಗೆ ಖುಷಿಯಾದೀತು ಎಂದು ನನ್ನ ತಂಗಿ ನಕ್ಕಳು.

ಮುಂದೆ ಅವರು ಮೈಸೂರಿನ ಕೃಷಿ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಮಂಡ್ಯದ ಕೃಷಿ ಕ್ಷೇತ್ರ, 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆ, ಎಲ್ಲದರ ಹಿಂದೆಯೂ ಅವರ ದುಡಿಮೆ ಇದೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ತುಕ್ಕುರೋಗವನ್ನು ತಾನೇ ತಡೆದುಕೊಳ್ಳುವ ಕಾಫಿ ತಳಿಯನ್ನು ಹುಡುಕುವ ಕೆಲಸ ಅಲ್ಲಿ ನಡೆಯಿತು. 1934ರಲ್ಲಿ ನಿವೃತ್ತರಾದ ಕೋಲ್ಮನ್ 1954ರಲ್ಲಿ ತೀರಿಕೊಂಡರು.

ಗಿಡ ತಾನೇ ತಡೆದುಕೊಳ್ಳುವುದು ಎಂದು ಓದಿದಾಗ ನನಗೆ ನಮ್ಮ ಕಡಲೆ ನೆನಪಾಯಿತು. ನಸುಕಿನಲ್ಲಿ ಕಡಲೆ ಹೊಲದಲ್ಲಿ ನಡೆದರೆ ಇಬ್ಬನಿ ತಾಗಿದ ಕಾಲು ಉರಿಯುತ್ತದೆ, ಎಲೆ ನೆಕ್ಕಿದರೆ ಹುಳಿ. ಎಲೆಯ ಸಣ್ಣ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಸ್ರವಿಸುವುದರಿಂದ ಹೀಗೆ. ಆಕ್ಸಾಲಿಕ್ ಆಮ್ಲ ಹೆಚ್ಚಿರುವ ತಳಿಗಳ ಮೇಲೆ ಕಾಯಿಕೊರಕದ ಮರಿ ಸರಿಯಾಗಿ ಬೆಳೆಯುವುದಿಲ್ಲ. ಹುಮನಾಬಾದಿನಿಂದ ಹೈದರಾಬಾದ್ ಬಸ್ಸು ಹತ್ತಿದರೆ ದಾರಿಯಲ್ಲಿ ಪಟಾನ್‌ಚೆರು ಸಿಗುತ್ತದೆ. ಅಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯವರು ಸಾವಿರಾರು ಕಡಲೆ ತಳಿಗಳನ್ನು ಈ ಹುಳದ ಎದುರು ಬೆಳೆಸಿ ನೋಡಿದ್ದಾರೆ. ಪೂರ್ತಿ ಗೆದ್ದ ತಳಿ ಒಂದೂ ಇಲ್ಲ. ಹಾನಿ ಕಡಿಮೆ ಮಾಡಿಕೊಳ್ಳುವ ಕೆಲವು ಮಾತ್ರ ಇವೆ. ಇತ್ತ ಹುಳವೂ ಹಳೆಯ ಔಷಧಗಳಿಗೆ ಬಗ್ಗದಂತೆ ತಯಾರಾಗಿದೆ.

ರಾಶಿ ಮುಗಿದ ಮೇಲೆ ನಾನು ಖುರ್ಪಿ ಹಿಡಿದು ಹೊಲಕ್ಕೆ ಹೋದೆ. ಕಡಲೆ ಬುಡದ ಮಣ್ಣು ಕೆದಕಿದಾಗ ಕಂದು ಬಣ್ಣದ, ಖರ್ಜೂರದ ಬೀಜದಂಥ ಏಳು ಕೋಶಗಳು ಸಿಕ್ಕವು. ನಮ್ಮ ಹುಳವೂ ಮಿಡತೆಯ ಮೊಟ್ಟೆಯಂತೆ ಮಣ್ಣಲ್ಲೇ ಅಡಗಿತ್ತು. ಅಬ್ಬಾಗೆ ತೋರಿಸಿದೆ. ಅವರು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿ, ಈ ಸಲ ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆಸೋಣ ಎಂದರು. ಒಂದು ಕೋಶವನ್ನು ಬಾಟಲಿಯಲ್ಲಿ ಇಟ್ಟಿದ್ದೆ. ಒಂಬತ್ತನೆಯ ದಿನ ಅದರಿಂದ ಮಣ್ಣಿನ ಬಣ್ಣದ ಪತಂಗ ಹೊರಬಂತು. ಅದೀಗ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿದೆ, ಬೇಕಾದವರು ನೋಡಬಹುದು.